ಕದ್ದದ್ದು ಏನನ್ನು?

ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೊದಲ್ಲಿ ನೆಲೆಸಿರುವ ನಮ್ಮ ಕಡೆಯವರೊಬ್ಬರು ರಜೆಗೆ ಊರಿಗೆ ಬಂದಿದ್ದಾಗ ಮಾತಿನ ನಡುವೆ ಹೀಗೆಂದರು: “ಶಾಲೆ ಚೆನ್ನಾಗಿದೆ ಅಂತ ನಾವು ದುಪ್ಪಟ್ಟು ದುಡ್ಡು ಸುರಿದು ಪುಟ್ಟ ಮನೆ ತಗೊಂಡ್ವಿ. ಪಕ್ಕದ ಊರಿನವರು ನೆಂಟರ ಮನೆ ವಿಳಾಸ ಕೊಟ್ಟು ಅದೇ ಶಾಲೆಗೆ ಮಕ್ಕಳನ್ನ ಸೇರಿಸ್ತಾರೆ. ಇದು ಕಳ್ಳತನ ಅಲ್ದೆ ಇನ್ನೇನು?” ಕೂತಿದ್ದವರೆಲ್ಲ ಹೌದೌದೆಂದರು. ಅವರು ಹೇಳುತ್ತಿದ್ದದ್ದು ಸರ್ಕಾರಿ ಶಾಲೆಯ ವಿಷಯ. ಅಲ್ಲಿ ಫೀಸಿಲ್ಲ, ಡೊನೇಷನ್ ಇಲ್ಲ. ಆದರೂ ಅದರ ಸೀಟು ಮನೆಯ ಕ್ರಯಪತ್ರದ ಜೊತೆಗೇ ತಮಗೆ ಬಂದ ಆಸ್ತಿ ಎಂದು ಅವರು ನಂಬಿದ್ದರು. ಕೇಳಿದವರಲ್ಲಿ ಒಬ್ಬರಿಗೂ ಅದು ವಿಚಿತ್ರವೆನಿಸಲಿಲ್ಲ.

ನನಗೆ ಅನ್ನಿಸಿತು. ಸುಳ್ಳು ವಿಳಾಸ ಕೊಡುವುದು ಸುಳ್ಳೇ, ಅದರಲ್ಲಿ ವಾದವಿಲ್ಲ. ಆದರೆ ಅದು ಕಳ್ಳತನವೋ ಅಲ್ಲವೋ ಎಂಬುದು ಕಾಗದ ನೋಡಿದರೆ ತಿಳಿಯುವುದಿಲ್ಲ. ಯಾರ ಪಾಲು ಯಾರ ಕೈ ಸೇರಿತು ಎಂದು ಕೇಳಬೇಕು.

2011ರ ಜನವರಿಯಲ್ಲಿ ಒಹಾಯೊ ರಾಜ್ಯದ ಆಕ್ರನ್ ನಗರದ ಕಪ್ಪುವರ್ಣೀಯ ತಾಯಿಯೊಬ್ಬರು ಇದೇ ತಪ್ಪಿಗೆ ಜೈಲಿಗೆ ಹೋದರು. ಮನೆಗೆ ಕನ್ನ ಬಿದ್ದ ಮೇಲೆ ಮಕ್ಕಳ ಸುರಕ್ಷತೆಯ ಭಯ ಹಿಡಿದು, ಪಕ್ಕದ ಕಾಪ್ಲಿಯಲ್ಲಿದ್ದ ತಮ್ಮ ತಂದೆಯ ಮನೆಯ ವಿಳಾಸ ಕೊಟ್ಟು ಇಬ್ಬರು ಹೆಣ್ಣುಮಕ್ಕಳನ್ನು ಅಲ್ಲಿನ ಶಾಲೆಗೆ ಸೇರಿಸಿದ್ದರು. ಶಾಲಾ ಆಡಳಿತ ಖಾಸಗಿ ಪತ್ತೇದಾರನನ್ನು ಹಿಂದೆ ಬಿಟ್ಟಿತು. ಅವನು ಅವರ ಓಡಾಟವನ್ನು ವಿಡಿಯೊ ಮಾಡಿದ. ಸುಮಾರು 30,000 ಡಾಲರ್ ಕಟ್ಟಿ ಎಂದು ಶಾಲೆ ಕೇಳಿತು. ದಾಖಲೆ ತಿದ್ದಿದ ಅಪರಾಧ ಸಾಬೀತಾಗಿ ಆಕೆ ಒಂಬತ್ತು ದಿನ ಸೆರೆಯಲ್ಲಿದ್ದರು. ಕಳ್ಳತನದ ಆರೋಪವನ್ನೂ ಹೊರಿಸಲಾಗಿತ್ತು. ಆದರೆ ಅದರ ಬಗ್ಗೆ ಜ್ಯೂರಿಗಳಲ್ಲಿ ಒಮ್ಮತ ಮೂಡದೆ ಅದು ಬಿದ್ದುಹೋಯಿತು. ನಮ್ಮ ಜಗುಲಿಯ ನ್ಯಾಯಾಧೀಶರು ಒಂದು ಕ್ಷಣದಲ್ಲಿ ಕೊಟ್ಟ ತೀರ್ಪನ್ನು ಅಲ್ಲಿನ ಹನ್ನೆರಡು ಮಂದಿ ದಿನಗಟ್ಟಲೆ ವಿಚಾರಣೆ ಕೇಳಿಯೂ ಕೊಡಲಾರದೆ ಹೋದರು. ಆಕೆ ಶಿಕ್ಷಕಿಯಾಗಲು ಓದುತ್ತಿದ್ದವರು. ಘೋರ ಅಪರಾಧಿಯೆಂಬ ಹಣೆಪಟ್ಟಿ ಉಳಿದಿದ್ದರೆ ಆ ದಾರಿ ಮುಚ್ಚಿಹೋಗುತ್ತಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ರಾಜ್ಯಪಾಲ ಜಾನ್ ಕೇಸಿಕ್, ಪೆರೋಲ್ ಮಂಡಳಿ ಬೇಡವೆಂದರೂ, ಅಪರಾಧವನ್ನು ಕೆಳದರ್ಜೆಗೆ ಇಳಿಸಿದರು.

ಈ ಪ್ರಕರಣದ ನಿಜವಾದ ಕಥೆ ಆ ನ್ಯಾಯಾಲಯದಲ್ಲಿ ಇರಲಿಲ್ಲ. ಅದು ಹದಿನಾಲ್ಕು ವರ್ಷ ಹಿಂದೆ, ಅದೇ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ನಡೆದುಹೋಗಿತ್ತು. ಅಮೆರಿಕದಲ್ಲಿ ಸರ್ಕಾರಿ ಶಾಲೆಯ ಹಣದ ದೊಡ್ಡ ಪಾಲು ಆಯಾ ಊರಿನ ಮನೆಕಂದಾಯದಿಂದ ಬರುತ್ತದೆ. ಮನೆಗಳ ಬೆಲೆ ಏರಿದರೆ ಶಾಲೆಯ ಬೊಕ್ಕಸ ತುಂಬುತ್ತದೆ. ಶಾಲೆ ಚೆನ್ನಾಗಾದರೆ ಮನೆಗಳ ಬೆಲೆ ಇನ್ನೂ ಏರುತ್ತದೆ. ಬಡವರ ಊರಿನಲ್ಲಿ ಇದೇ ಚಕ್ರ ಹಿಂದಕ್ಕೆ ತಿರುಗುತ್ತದೆ. ಒಹಾಯೊದ ಕೆಲವು ಬಡ ಶಾಲಾ ಜಿಲ್ಲೆಗಳು ಇದನ್ನು ಪ್ರಶ್ನಿಸಿ 1991ರಲ್ಲಿ ದಾವೆ ಹೂಡಿದವು. ಡಿರಾಲ್ಫ್ ಮೊಕದ್ದಮೆ ಎಂದೇ ಅದು ಹೆಸರಾಗಿದೆ. ಗೋಡೆಯ ಗಾರೆ ಉದುರುವ, ಶೌಚಾಲಯದಲ್ಲಿ ಜಿರಳೆ ಹರಿದಾಡುವ ಶಾಲೆಗಳ ವಿವರ 1997ರ ತೀರ್ಪಿನಲ್ಲೇ ದಾಖಲಾಗಿದೆ. ಮನೆಕಂದಾಯವನ್ನೇ ಹೀಗೆ ನೆಚ್ಚಿಕೊಂಡ ವ್ಯವಸ್ಥೆ ರಾಜ್ಯದ ಸಂವಿಧಾನಕ್ಕೆ ವಿರುದ್ಧ ಎಂದು ಕೋರ್ಟು ಹೇಳಿತು. 2000ದಲ್ಲಿ ಮತ್ತೆ ಹೇಳಿತು. 2002ರಲ್ಲಿ ಮತ್ತೊಮ್ಮೆ ಹೇಳಿ, ಕೊನೆಗೆ ಕೈಚೆಲ್ಲಿತು. ಶಾಸನಸಭೆ ಅಲ್ಲಿ ಇಲ್ಲಿ ತೇಪೆ ಹಾಕಿತೇ ಹೊರತು ಬುಡಕ್ಕೆ ಕೈಹಾಕಲಿಲ್ಲ. ಅದಕ್ಕಾಗಿ ಯಾವ ಶಾಸಕರೂ ಜೈಲಿಗೆ ಹೋಗಲಿಲ್ಲ. ರಾಜ್ಯವೊಂದು ತನ್ನ ಸಂವಿಧಾನವನ್ನು ವರ್ಷಾನುಗಟ್ಟಲೆ ಮೀರಿದರೆ ಅದು ನೀತಿ ನಿರೂಪಣೆಯ ತೊಡಕು. ತಾಯಿಯೊಬ್ಬಳು ಅರ್ಜಿಯ ಒಂದು ಕಾಲಂ ಮೀರಿದರೆ ಘೋರ ಅಪರಾಧ!

ಇದಕ್ಕೆ ಎದುರಾಗಿ ಒಂದು ಗಟ್ಟಿಯಾದ ವಾದವಿದೆ. ಕಾಪ್ಲಿಯ ಜನರೆಲ್ಲ ಕುಬೇರರಲ್ಲ. ಅವರಲ್ಲಿ ಎಷ್ಟೋ ಮಂದಿ ಹೊಟ್ಟೆಬಟ್ಟೆ ಕಟ್ಟಿ ಆ ಊರಿಗೆ ಬಂದವರು. ತೆರಿಗೆ ಏರಿಸಬೇಕಾದಾಗ ಮತ ಹಾಕಿ ತಮ್ಮ ಮೇಲೆ ತಾವೇ ಹೊರೆ ಹೊತ್ತವರು. ಹೊರಗಿನವರು ಹೊರೆಯಿಲ್ಲದೆ ಒಳಗೆ ಬಂದರೆ ಅವರಿಗೆ ಸಿಟ್ಟು ಬರುವುದು ಸಹಜ. ಇನ್ನೂ ಒಂದಿದೆ: ಆಕ್ರನ್ನಿನಲ್ಲೇ ಇದ್ದು, ಅಷ್ಟೇ ಕಷ್ಟದಲ್ಲಿದ್ದು, ಸುಳ್ಳು ಹೇಳದೆ ಮಕ್ಕಳನ್ನು ಅಲ್ಲಿನ ಶಾಲೆಗೇ ಕಳಿಸಿದ ತಾಯಂದಿರಿದ್ದಾರಲ್ಲ, ಅವರಿಗೆ ನಾವು ಏನು ಹೇಳೋಣ? ಈ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಸಲ್ಲಬೇಕಾದ ಶುಲ್ಕವನ್ನು ಕಂತಿನಲ್ಲಿ ವಸೂಲು ಮಾಡುವುದು, ವರ್ಷ ಮುಗಿದ ಮೇಲೆ ಮಗುವನ್ನು ವರ್ಗ ಮಾಡುವುದು ನ್ಯಾಯವೇ ಇರಬಹುದು. ಆದರೆ ಅದು ಬಾಕಿಯ ಲೆಕ್ಕ, ಸೆರೆಮನೆಯ ಲೆಕ್ಕವಲ್ಲ. ಮಕ್ಕಳಿಗಾಗಿ ಏನು ಮಾಡಿದರೂ ಸರಿ ಎನ್ನುವವರಿಗಂತೂ, ಸಾವಿರ ಸುಳ್ಳು ಹೇಳಿ ಮಾಡಿದ ಮದುವೆಗಳ ಗತಿ ನೋಡಿ ಎಂದಷ್ಟೇ ಹೇಳಬಲ್ಲೆ.

ನಾನು ಇನ್ನೂ ಹೆಚ್ಚು ಗೌರವಿಸುವ ವಾದ ನಮ್ಮ ದೇಶದ್ದು. 1964–66ರ ಕೊಠಾರಿ ಆಯೋಗ ನೆರೆಹೊರೆಯ ಶಾಲೆಯ ಕನಸು ಕಂಡಿತು. ಒಂದು ಬಡಾವಣೆಯ ಮಕ್ಕಳೆಲ್ಲ, ಜಾತಿ ವರ್ಗ ನೋಡದೆ, ಒಂದೇ ಶಾಲೆಯ ಒಂದೇ ಬೆಂಚಿನಲ್ಲಿ ಕೂರಬೇಕು ಎಂಬುದು ಅದರ ಆಶಯ. ಸಾಹುಕಾರನ ಮಗನೂ ಅಲ್ಲೇ ಓದಿದರೆ ಆ ಶಾಲೆಯ ಸೋರುವ ಮಾಡು ತಾನಾಗಿ ರಿಪೇರಿಯಾದೀತು. ಈ ದೃಷ್ಟಿಯಲ್ಲಿ ವಿಳಾಸಕ್ಕೆ ಶಾಲೆಯನ್ನು ಕಟ್ಟಿಹಾಕುವುದೇ ಸಮಾನತೆ. ತಪ್ಪಿಸಿಕೊಂಡು ಹೋಗುವವರೇ ಅದರ ಶತ್ರುಗಳು. ಒಪ್ಪುತ್ತೇನೆ. ಆದರೆ ಆ ಮಾತು ನಿಲ್ಲಬೇಕಾದರೆ ಬಡಾವಣೆಯೇ ಬೆರೆತಿರಬೇಕು. ಸಿರಿವಂತರು ಒಂದು ಕಡೆ, ಬಡವರು ಒಂದು ಕಡೆ ಮನೆ ಮಾಡಿದ ಮೇಲೆ ಅದೇ ನಿಯಮ ಬೇಲಿಯಾಗುತ್ತದೆ.

ಆ ಕನಸಿನ ಚೂರೊಂದು 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಉಳಿಯಿತು. ಖಾಸಗಿ ಶಾಲೆಗಳ ಆರಂಭದ ತರಗತಿಯಲ್ಲಿ ಶೇ. 25 ಸೀಟುಗಳು ನೆರೆಹೊರೆಯ ದುರ್ಬಲ ವರ್ಗದ ಮಕ್ಕಳಿಗೆ ಎಂದಾಯಿತು. ನೆರೆಹೊರೆ ಎಂದರೆ ನಮ್ಮ ನಗರಗಳಲ್ಲಿ ವಾರ್ಡು, ಹಳ್ಳಿಗಳಲ್ಲಿ ಕಂದಾಯ ಗ್ರಾಮ. ಹೀಗಾಗಿ ವಿಳಾಸದ ಆಟ ಇಲ್ಲಿಗೂ ಬಂತು, ಆದರೆ ತಲೆಕೆಳಗಾಗಿ ಬಂತು. 2018ರಲ್ಲಿ ದೆಹಲಿಯ ಉದ್ಯಮಿಯೊಬ್ಬರನ್ನು ಪೊಲೀಸರು ಬಂಧಿಸಿದರು: ಕೊಳೆಗೇರಿಯ ವಿಳಾಸ, ಬಡವನ ಆದಾಯಪತ್ರ ತೋರಿಸಿ ಹೆಸರಾಂತ ಶಾಲೆಯಲ್ಲಿ ಮಗನಿಗೆ ಬಡವರ ಸೀಟು ಗಿಟ್ಟಿಸಿದ ಆರೋಪ. ಆರೋಪ ನಿಜವಾದರೆ, ಕಳ್ಳತನ ಎಂಬ ಮಾತು ಇಲ್ಲಿ ಸಲ್ಲುತ್ತದೆ. ಆ ಸೀಟುಗಳು ಎಣಿಸಿಟ್ಟವು, ಲಾಟರಿಯಲ್ಲಿ ಎತ್ತುವವು. ಒಬ್ಬ ಒಳಗೆ ಹೋದರೆ ಒಬ್ಬ ಬಡಹುಡುಗ ಹೊರಗೆ. ಕಾಪ್ಲಿಯ ಶಾಲೆಯಿಂದ ಆ ಇಬ್ಬರು ಹುಡುಗಿಯರಿಗಾಗಿ ಯಾವ ಮಗುವೂ ಎದ್ದುಹೋಗಬೇಕಾಗಿರಲಿಲ್ಲ.

ಇದರ ಇನ್ನೊಂದು ಮುಖ ಬೆಂಗಳೂರಿನ ಕಟ್ಟಡ ಕೆಲಸದವರ ಶೆಡ್ಡುಗಳಲ್ಲಿದೆ. ಯಾದಗಿರಿಯಿಂದಲೋ ರಾಯಚೂರಿನಿಂದಲೋ ಬಂದು ವರ್ಷಗಳಿಂದ ಒಂದೇ ವಾರ್ಡಿನಲ್ಲಿರುವ ಕುಟುಂಬ. ಆಧಾರ್ ಕಾರ್ಡಿನಲ್ಲಿರುವುದು ಊರಿನ ವಿಳಾಸ. ಬಾಡಿಗೆ ಕರಾರು ಬರೆದುಕೊಡಿ ಎಂದರೆ ವಠಾರದ ಮಾಲೀಕ ಒಪ್ಪುವುದಿಲ್ಲ. ಕರಾರು ಬರೆದರೆ ಬಾಡಿಗೆಯ ಲೆಕ್ಕ ತೋರಿಸಬೇಕಾಗುತ್ತದಲ್ಲ. ಕೊನೆಗೆ ಅವರು ಯಾರಿಗೋ ದುಡ್ಡು ಕೊಟ್ಟು ಒಂದು ಕಾಗದ ಮಾಡಿಸುತ್ತಾರೆ. ಕಾಗದ ಸುಳ್ಳು, ವಾಸ ನಿಜ. ಅತ್ತ ಉಳ್ಳವರ ಕೈಯಲ್ಲಿ ನೋಂದಣಿಯಾದ ಕರಾರು, ವಿದ್ಯುತ್ ಬಿಲ್ಲು, ನೋಟರಿ ಮೊಹರು ಎಲ್ಲ ಪಕ್ಕಾ. ಕಾಗದ ನಿಜ, ವಾಸ ಸುಳ್ಳು. ಪರಿಶೀಲನೆ ಬಿಗಿಯಾದಷ್ಟೂ ಮೊದಲನೆಯವರು ಸಿಕ್ಕಿಬೀಳುತ್ತಾರೆ, ಎರಡನೆಯವರು ಪಾರಾಗುತ್ತಾರೆ. ದಾಖಲೆ ಕೇಳುವ ವ್ಯವಸ್ಥೆ ಪ್ರಾಮಾಣಿಕರನ್ನು ಆರಿಸುವುದಿಲ್ಲ, ದಾಖಲೆ ಉಳ್ಳವರನ್ನು ಆರಿಸುತ್ತದೆ.

ಶಿಕ್ಷೆಯೂ ಇದೇ ದಾರಿ ಹಿಡಿಯುತ್ತದೆ. ದಕ್ಷಿಣ ಕೊರಿಯಾದಲ್ಲಿ ಮಕ್ಕಳ ಶಾಲೆಗಾಗಿ ಬೇರೆಲ್ಲೋ ವಾಸವೆಂದು ನೋಂದಾಯಿಸುವುದು ಸಚಿವರ ನೇಮಕದ ವಿಚಾರಣೆಗಳಲ್ಲಿ ಮತ್ತೆ ಮತ್ತೆ ಏಳುವ ವಿಷಯ. 2017ರಲ್ಲಿ ಕಾಂಗ್ ಕ್ಯುಂಗ್-ವಾ ಮಗಳಿಗಾಗಿ ಹಾಗೆ ಮಾಡಿದ್ದನ್ನು ಒಪ್ಪಿಕೊಂಡು ಕ್ಷಮೆ ಕೇಳಿದರು, ವಿದೇಶಾಂಗ ಸಚಿವೆಯೂ ಆದರು. ಇಂಗ್ಲೆಂಡಿನ ಪೂಲ್ ಪಟ್ಟಣದಲ್ಲಿ 2008ರಲ್ಲಿ ಸ್ಥಳೀಯ ಆಡಳಿತ ಒಂದು ಕುಟುಂಬದ ಹಿಂದೆ ವಾರಗಟ್ಟಲೆ ಗುಪ್ತವಾಗಿ ಸುತ್ತಿತು. ಆ ಕುಟುಂಬ ಕೊಟ್ಟಿದ್ದ ವಿಳಾಸ ಸರಿಯಾಗಿಯೇ ಇತ್ತು. ಆ ಬೇಹುಗಾರಿಕೆ ಕಾನೂನುಬಾಹಿರ ಎಂದು 2010ರಲ್ಲಿ ನ್ಯಾಯಮಂಡಳಿ ಹೇಳಿತು.

ಕರ್ನಾಟಕ ಸರ್ಕಾರ ಇಡೀ ಸಮಸ್ಯೆಯನ್ನು 2019ರಲ್ಲಿ ಸುಲಭವಾಗಿ ಬಗೆಹರಿಸಿತು: ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಶಿಕ್ಷಣ ಹಕ್ಕು ಕಾಯ್ದೆಯ ಆ ಶೇ. 25 ಸೀಟುಗಳನ್ನು ಕೊಡಬೇಕಾಗಿಲ್ಲ ಎಂದು ನಿಯಮ ತಿದ್ದಿತು. ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಲಕ್ಷ ದಾಟುತ್ತಿದ್ದ ಸೀಟುಗಳು ಕೆಲವು ಸಾವಿರಕ್ಕೆ ಕುಸಿದವು. ಆ ಸೀಟುಗಳಿಗಾಗಿ ಖಾಸಗಿ ಶಾಲೆಗೆ ಸುರಿಯುವ ದುಡ್ಡನ್ನು ಸರ್ಕಾರಿ ಶಾಲೆಗೇ ಹಾಕಬೇಕು ಎಂಬ ತತ್ತ್ವವನ್ನು ನಾನು ಒಪ್ಪುತ್ತೇನೆ. ಆದರೆ ಬಾಗಿಲು ಮುಚ್ಚಿದ್ದು ಒಂದೇ ವರ್ಷದಲ್ಲಿ. ಮನೆ ಹತ್ತಿರದ ಶಾಲೆ ಸುಧಾರಿಸುವ ಕೆಲಸಕ್ಕೆ ಆ ಅವಸರ ಯಾರಿಗೂ ಇರಲಿಲ್ಲ.

ತಂದೆತಾಯಿ ತಮ್ಮ ಓಣಿಯ ಶಾಲೆಯನ್ನು ಬಿಟ್ಟು ಬೇರೆಡೆಯ ವಿಳಾಸ ಹುಡುಕುವಾಗ ಕಾರಣವಿಲ್ಲದೆ ಹುಡುಕುವುದಿಲ್ಲ. ಒಂದು ಶಾಲೆಯಲ್ಲಿ ಗಣಿತದ ಮೇಷ್ಟ್ರಿಲ್ಲ, ಇನ್ನೊಂದರಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯವಿಲ್ಲ, ಮತ್ತೊಂದರಲ್ಲಿ ಐದು ತರಗತಿಗೆ ಒಬ್ಬರೇ ಶಿಕ್ಷಕಿ. ಸಿಕ್ಕಿಬಿದ್ದ ಪ್ರತಿ ಸುಳ್ಳು ವಿಳಾಸವೂ, ಅರ್ಜಿದಾರ ನಿಜವಾಗಿ ಇರುವ ಕಡೆಯ ಶಾಲೆಯ ಮೇಲೆ ಬರೆದುಕೊಟ್ಟ ದೂರು. ಬಿಇಒ ಕಚೇರಿಗಳು ಅಂಥ ಅರ್ಜಿಗಳನ್ನು ತಿರಸ್ಕರಿಸುವ ಮೊದಲು ಅವು ಯಾವ ಯಾವ ಬಡಾವಣೆಯಿಂದ ಬಂದಿವೆ ಎಂದು ಪಟ್ಟಿ ಮಾಡಲಿ. ಹೆಚ್ಚು ಅರ್ಜಿ ಬಂದ ಬಡಾವಣೆಯ ಶಾಲೆಗೆ ಆ ವರ್ಷವೇ ಶಿಕ್ಷಕರನ್ನು ಹಾಕಲಿ. ಬಡವರ ಸೀಟು ಕದ್ದ ಉಳ್ಳವರ ಮೇಲೆ ಮೊಕದ್ದಮೆ ಹೂಡಲಿ. ಉಳಿದವರ ಮನೆಗೆ ಪತ್ತೇದಾರರನ್ನು ಕಳಿಸುವ ಖರ್ಚಿಗಿಂತ ಅವರ ಶಾಲೆಗೆ ಒಬ್ಬ ಮೇಷ್ಟ್ರನ್ನು ಕಳಿಸುವ ಖರ್ಚು ಸಾರ್ಥಕ.