ಹರಾಜಿನ ಪ್ರಕಟಣೆಯೂ ಋಣಿಯ ಹಕ್ಕೂ

ಸಾಲವು ತೀರತಕ್ಕದ್ದೇ, ತೀರದಿದ್ದಲ್ಲಿ ಅಡವಿನ ಆಸ್ತಿಯು ಬಹಿರಂಗ ಹರಾಜಿಗೆ ಬರುವುದೂ ನ್ಯಾಯವೇ. ನಮ್ಮ ಆಕ್ಷೇಪಣೆಯು ಅದನ್ನು ಬಿಡಿಸಿಕೊಳ್ಳಲು ಋಣಿಗಿರುವ ಅವಧಿಯ ವಿಷಯದಲ್ಲಿ ಮಾತ್ರ. 1908ರ ಸಿವಿಲ್ ಪ್ರೊಸೀಜರ್ ಕೋಡಿನ ಮೇರೆಗೆ, ಕೋರ್ಟಿನಿಂದ ಸ್ಥಿರಾಸ್ತಿಯ ಹರಾಜು ನಡೆದ ಮೇಲೂ, 60 ದಿವಸಗಳೊಳಗೆ ಬಾಕಿಯನ್ನೂ, ಕೊಂಡವನಿಗೆ ಕ್ರಯದ ನೂರಕ್ಕೆ 5ರಂತೆ ಪರಿಹಾರವನ್ನೂ ಕಟ್ಟಿದರೆ ಹರಾಜು ರದ್ದಾಗುತ್ತದೆ. ಬ್ಯಾಂಕುಗಳಿಗಾದರೋ 2002ರ ಸರ್ಫೇಸಿ ಶಾಸನವು ದಾವೆಯ ತೊಡಕನ್ನೇ ತಪ್ಪಿಸಿತು: 60 ದಿವಸಗಳ ತಗಾದೆ ನೋಟೀಸು, ಬಳಿಕ ಸ್ವಾಧೀನ, ಬಳಿಕ ಹರಾಜು. 2016ರ ತಿದ್ದುಪಡಿಯು ಇನ್ನೂ ಮುಂದೆ ಹೋಗಿ, ಹರಾಜಿನ ಪ್ರಕಟಣೆಯಾದೊಡನೆಯೇ ಬಿಡಿಸಿಕೊಳ್ಳುವ ಹಕ್ಕನ್ನು ಕಳೆಯಿತು. 2023ರಲ್ಲಿ ಸುಪ್ರೀಂ ಕೋರ್ಟೂ ಶಾಸನಕ್ಕೆ ಇದೇ ಅರ್ಥವನ್ನು ಮಾಡಿತು. ಆ ಪ್ರಕಟಣೆಗಳು ಅಚ್ಚಾಗುವುದು ನಮ್ಮಂತಹ ಪತ್ರಿಕೆಗಳಲ್ಲಿಯೇ, ಸಾಸಿವೆಗಿಂತಲೂ ಸಣ್ಣ ಅಕ್ಷರಗಳಲ್ಲಿ. (ಅದರ ಜಾಹೀರಾತಿನ ಹಣ ನಮಗೂ ಸಲ್ಲುತ್ತದೆಂಬುದನ್ನು ಮರೆಮಾಚಲಾರೆವು.) ಮೊದಲ ಹರಾಜಿಗೆ ಆಗಿನ್ನೂ 30 ದಿವಸಗಳಿರುತ್ತವೆ, ಆದರೂ ಮನೆಯ ಯಜಮಾನನು ಅದನ್ನು ಓದಿ, ಒಡವೆ ಮಾರಿ ಹಣ ಕೂಡಿಸಿಕೊಂಡು ಹೋದರೆ, ಅವನಿಗೆ ಹಕ್ಕಿಲ್ಲ. ಹರಾಜಿನ ದಿವಸದ ತನಕವಾದರೂ ಅಸಲು, ಬಡ್ಡಿ, ಖರ್ಚುಗಳನ್ನು ಕಟ್ಟಿ ಬಿಡಿಸಿಕೊಳ್ಳುವ ಅವಕಾಶವನ್ನು ಪಾರ್ಲಿಮೆಂಟು ಮರಳಿ ಕೊಡಬೇಕು. ಸಾಲ ಕೊಟ್ಟವನಿಗೆ ಇದರಿಂದ ಒಂದು ಕಾಸೂ ಕಡಿಮೆಯಾಗದು.