ಹದಿನೆಂಟಾದ ಮೇಲೂ ಅವರು ಈ ಊರಿನವರೇ

ಆಟಿಸಂ ಇರುವ ಹುಡುಗ ಹುಡುಗಿಯರಿಗೆ ಮಾತು ಮತ್ತು ದೊಡ್ಡವರಾದ ಮೇಲಿನ ಬದುಕಿಗೆ ಬೇಕಾದ ಕೆಲಸಗಳನ್ನು ಕಲಿಸುವ ವ್ಯವಸ್ಥೆ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳಲ್ಲೇ ಆಗಬೇಕು ಎಂದು ಬಹಳ ದಿನಗಳಿಂದ ಹೇಳುತ್ತಿದ್ದೇನೆ. ಅದಕ್ಕೆ ಬಂದ ಆಕ್ಷೇಪಗಳಿಗೆ ಲೆಕ್ಕವಿಲ್ಲ. ಕೆಲವು ಪ್ರೀತಿಯಿಂದ ಬಂದವು, ಕೆಲವು ಬೇಸರದಿಂದ. ಎಲ್ಲಕ್ಕೂ ಉತ್ತರ ಕೊಡುವ ಅಗತ್ಯವಿಲ್ಲ. ಮತ್ತೆ ಮತ್ತೆ ಕೇಳಿಬರುವವನ್ನು ಮಾತ್ರ ಎತ್ತಿಕೊಳ್ಳುತ್ತೇನೆ.

ಮೊದಲನೆಯದು, ‘ಇಂಥವರು ನಮ್ಮ ಜಿಲ್ಲೆಯಲ್ಲಿ ಎಷ್ಟು ಮಂದಿ ಇದ್ದಾರು? ಬೆರಳೆಣಿಕೆಯ ಮನೆಗಳಿಗಾಗಿ ಕೇಂದ್ರ ಯಾಕೆ?’ ಎನ್ನುವುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2021ರಲ್ಲಿ ಜಗತ್ತಿನ 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. 2011ರ ಜನಗಣತಿಯಂತೆ ಹಾವೇರಿ ಜಿಲ್ಲೆಯ ಜನಸಂಖ್ಯೆ 15,97,668. ಭಾಗಿಸಿ ನೋಡಿ, ಹನ್ನೆರಡು ಸಾವಿರ ದಾಟುತ್ತದೆ. ಇದು ಅಂದಾಜು, ತಲೆ ಎಣಿಸಿದ್ದಲ್ಲ. ಎಣಿಸಿದ ಸಂಖ್ಯೆ ಸಿಗುವುದೂ ಇಲ್ಲ, ಏಕೆಂದರೆ ಆ ಜನಗಣತಿಯ ಅಂಗವೈಕಲ್ಯದ ಪಟ್ಟಿಯಲ್ಲಿ ಆಟಿಸಂ ಇರಲೇ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಅದಕ್ಕೆ ಜಾಗ ಸಿಕ್ಕಿತು. ಹಾಗಾದರೆ ಅಷ್ಟು ಜನ ಎಲ್ಲಿದ್ದಾರೆ? ಹೆಚ್ಚಿನವರು ಪಡಸಾಲೆಯ ಒಳಗಿದ್ದಾರೆ. ಊರವರು ಅವರನ್ನು ‘ಮೂಕ’, ‘ಹುಚ್ಚ’, ‘ಹಟಮಾರಿ’ ಎಂದು ಕರೆದು ಸುಮ್ಮನಾಗಿದ್ದಾರೆ.

ಎರಡನೆಯದನ್ನು ಓದಿದವರೇ ಹೆಚ್ಚಾಗಿ ಹೇಳುತ್ತಾರೆ: ‘ವಯಸ್ಸು ಮೀರೇತ್ರಿ. ಐದು ವರ್ಷದೊಳಗ ಮಾತು ಬರಲಿಲ್ಲಂದ್ರ ಮುಗೀತು.’ ಬೇಗ ಶುರು ಮಾಡಿದಷ್ಟು ಒಳ್ಳೆಯದು ಎಂಬುದು ನಿಜ. ಅದನ್ನೇ ತಿರುಗಿಸಿ, ತಡವಾದರೆ ಏನೂ ಇಲ್ಲ ಎಂದು ಓದಿಕೊಳ್ಳುವುದು ತಪ್ಪು. ನಾಲ್ಕು ವರ್ಷವಾದರೂ ಎರಡು ಪದ ಕೂಡಿಸಿ ಮಾತಾಡದೆ ಹಿಂದುಳಿದಿದ್ದ 535 ಆಟಿಸಂ ಮಕ್ಕಳ ಮಾಹಿತಿಯನ್ನು ಅಮೆರಿಕದಲ್ಲಿ ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದರು. ಆ ಹೊತ್ತಿಗೆ ಎಂಟು ವರ್ಷ ತುಂಬಿದ್ದ ಅವರಲ್ಲಿ ಶೇ. 70ರಷ್ಟು ಮಕ್ಕಳು ಪದಗಳನ್ನು ಕೂಡಿಸಿ ಮಾತಾಡುತ್ತಿದ್ದರು, ಶೇ. 47ರಷ್ಟು ಮಕ್ಕಳಿಗೆ ಸರಾಗ ಮಾತು ಬಂದಿತ್ತು. ‘ಅದು ಸಣ್ಣವರ ಮಾತು, ನಮ್ಮವ ಹದಿನೆಂಟರವ’ ಎಂದು ನೀವು ಕೇಳುವುದು ಸರಿ. ವಯಸ್ಸು ಏರಿದಂತೆ ಬಾಯಿಮಾತು ಹೊಸದಾಗಿ ಬರುವುದು ಕಡಿಮೆ. ಕೆಲವರಿಗೆ ಎಂದೂ ಬಾರದು. ಆದರೆ ತನಗೆ ಬೇಕಾದ್ದನ್ನು ಇನ್ನೊಬ್ಬರಿಗೆ ತಿಳಿಸಲು ನಾಲಿಗೆಯೊಂದೇ ದಾರಿಯಲ್ಲ. ಆ ದಾರಿಗಳನ್ನು ಕಲಿಯಲು ವಯಸ್ಸಿನ ಗಡಿಯೂ ಇಲ್ಲ.

ರಾಣೇಬೆನ್ನೂರಿನ ಒಂದು ಮನೆಯಲ್ಲಿ ಹದಿನೇಳರ ಹುಡುಗನಿದ್ದಾನೆ. ಸಂಜೆ ಐದಾಯಿತೆಂದರೆ ಅಡುಗೆಮನೆಯ ಬಾಗಿಲಿಗೆ ಬಂದು ‘ಚಾ ಬೇಕೇನು, ಚಾ ಬೇಕೇನು’ ಎನ್ನುತ್ತಾನೆ. ‘ನಾ ಕೇಳಿದ್ದನ್ನ ನನಗ ತಿರುಗಿ ಕೇಳ್ತಾನ್ರಿ, ಅಣಕಸ್ತಾನೋ ಏನೋ’ ಎಂದು ತಂದೆಗೆ ಸಿಟ್ಟು. ಹುಡುಗ ಅಣಕಿಸುತ್ತಿಲ್ಲ, ಚಹ ಕೇಳುತ್ತಿದ್ದಾನೆ. ಚಹ ಬಂದಾಗಲೆಲ್ಲ ಅವನ ಕಿವಿಗೆ ಬಿದ್ದ ಮಾತು ಅದೊಂದೇ. ಹಾಗಾಗಿ ಅವನ ಪಾಲಿಗೆ ಚಹ ತರಿಸುವ ಮಾತೇ ಅದು. ಕೇಳಿದ್ದನ್ನೇ ತಿರುಗಿ ಆಡುವ ಮರುನುಡಿಗೆ ಅರ್ಥವಿದೆ, ಅದು ಕೇಳುವುದಕ್ಕೆ, ಒಪ್ಪುವುದಕ್ಕೆ, ತನ್ನನ್ನು ತಾನು ನಿಯಂತ್ರಿಸಿಕೊಳ್ಳುವುದಕ್ಕೆ ಬಳಕೆಯಾಗುತ್ತದೆ ಎಂದು ಸಂಶೋಧಕರಾದ ಪ್ರಿಜಾಂಟ್ ಮತ್ತು ಡುಕಾನ್ 1981ರಲ್ಲೇ ತೋರಿಸಿಕೊಟ್ಟರು. ಈ ಮನೆಯಲ್ಲಿ ಮಾಡಬೇಕಾಗಿದ್ದು ಇಷ್ಟೇ: ತಾಯಿ ಪ್ರಶ್ನೆ ಕೇಳುವುದನ್ನು ಬಿಟ್ಟು, ಕಪ್ಪನ್ನು ಅವನ ಕಣ್ಣೆದುರು ಹಿಡಿದು, ಅವನ ಪರವಾಗಿ ತಾನೇ ‘ನನಗ ಚಾ ಬೇಕು’ ಎಂದು ಹೇಳಿ ಕೊಡುವುದು. ದಿನಕ್ಕೆ ಎರಡು ಸಲ, ಬೇಸರಪಡದೆ. ‘ನನಗ’ ಎಂಬ ಮಾತು ಅವನಿಂದ ಬರಲು ತಿಂಗಳುಗಳು ಹಿಡಿದವು. ಮೊದಲ ಸಲ ಬಂದದ್ದು ಚಹಕ್ಕಲ್ಲ, ತಮ್ಮ ಕಿತ್ತುಕೊಂಡ ಚಾದರಕ್ಕೆ!

ಇಲ್ಲಿ ಇನ್ನೊಂದು ಮಾತು ಹೇಳಿಬಿಡುತ್ತೇನೆ. ನಾವು ಇಂಥ ಮಕ್ಕಳಿಗೆ ಮೊದಲು ಕಲಿಸುವುದು ಬಂದವರಿಗೆ ನಮಸ್ಕಾರ ಮಾಡುವುದನ್ನು. ಮೊದಲು ಕಲಿಸಬೇಕಾದ್ದು ‘ಬ್ಯಾಡ’, ‘ಸಾಕು’, ‘ನೋವಾಗತೈತಿ’ ಎನ್ನುವುದನ್ನು. ಮುಟ್ಟಬಾರದ ಕಡೆ ಯಾರಾದರೂ ಮುಟ್ಟಿದಾಗ ‘ಬ್ಯಾಡ’ ಎನ್ನಲು ಬಾರದ ಇಪ್ಪತ್ತರ ಹುಡುಗಿಗೆ ನಮಸ್ಕಾರ ಬಂದು ಏನು ಪ್ರಯೋಜನ?

ಮೂರನೆಯದು ಚಿತ್ರದ ಕಾರ್ಡು ಮತ್ತು ಮೊಬೈಲಿನ ಬಗ್ಗೆ. ‘ಚಿತ್ರ ತೋರಿಸೋದು ಕಲಿತರೆ ಬಾಯಿ ಬಿಡೋದನ್ನೇ ಮರೀತಾರೆ’ ಎಂಬ ಭಯ ಶಿಕ್ಷಕರಿಗೂ ಇದೆ. ಚಿತ್ರ ಕೊಟ್ಟು ವಸ್ತು ಪಡೆಯುವ ಕ್ರಮವನ್ನು ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ರೂಪಿಸಿದ್ದು 1985ರಲ್ಲಿ. ಇಂಥ ನೆರವಿನ ವಿಧಾನಗಳಿಂದ ಮಾತು ಕುಂದುತ್ತದೆಯೇ ಎಂದು ಹಿಂದಿನ ಅಧ್ಯಯನಗಳನ್ನೆಲ್ಲ ಜಾಲಾಡಿ 2006ರಲ್ಲಿ ಒಂದು ವಿಮರ್ಶೆ ಬಂತು. ನಂಬಲರ್ಹ ಎನಿಸಿದ 27 ಪ್ರಕರಣಗಳಲ್ಲಿ ಶೇ. 89ರಷ್ಟು ಮಂದಿಯ ಮಾತು ಹೆಚ್ಚಿತ್ತು, ಉಳಿದವರದು ಇದ್ದಂತೆ ಇತ್ತು. ಇದ್ದ ಮಾತನ್ನು ಕಳೆದುಕೊಂಡವರು ಒಬ್ಬರೂ ಇಲ್ಲ. ನನ್ನ ತಕರಾರು ಕಾರ್ಡಿನ ಬಗ್ಗೆಯಲ್ಲ, ಕಾರ್ಡಿನೊಳಗಿನ ಚಿತ್ರದ ಬಗ್ಗೆ. ಪೇಟೆಯಿಂದ ತಂದ ಕಟ್ಟಿನಲ್ಲಿ ಪಿಜ್ಜಾ ಇರುತ್ತದೆ, ಹಿಮದ ಗೊಂಬೆ ಇರುತ್ತದೆ. ಮೋಟೆಬೆನ್ನೂರಿನ ಹುಡುಗ ಅದನ್ನು ತೋರಿಸಿ ಏನು ಕೇಳಬೇಕು? ಅವನ ಮನೆಯ ತಂಬಿಗೆ, ಅವನ ರೊಟ್ಟಿ ಬುಟ್ಟಿ, ಅವನ ಚಪ್ಪಲಿ, ಮನೆ ಮುಂದೆ ನಿಲ್ಲುವ ಕೆಂಪು ಬಸ್ಸು ಇವುಗಳ ಫೋಟೋ ತೆಗೆದು ರಟ್ಟಿಗೆ ಅಂಟಿಸಿದರೆ ಸಾಕು. ಆ ಖರ್ಚು ಒಂದು ಊಟದ ಬಿಲ್ಲಿಗಿಂತ ಕಡಿಮೆ.

‘ಮನೆಯಲ್ಲಿ ಒಂದೇ ಭಾಷೆ ಆಡಿ, ಅದೂ ಇಂಗ್ಲಿಷ್ ಆದರೆ ಒಳ್ಳೆಯದು’ ಎಂಬ ಸಲಹೆಯನ್ನು ತಜ್ಞರ ಹೆಸರಿನಲ್ಲೇ ಹಂಚಲಾಗುತ್ತಿದೆ. ನಮ್ಮ ಮೂರೂ ಊರುಗಳಲ್ಲಿ ಉರ್ದು ಮನೆಗಳಿವೆ, ಲಂಬಾಣಿ ಮನೆಗಳಿವೆ, ಹಾವೇರಿ ಕನ್ನಡದ ಮನೆಗಳಂತೂ ಸರಿಯೇ. ಇಂಗ್ಲಿಷ್ ಬಾರದ ಅಜ್ಜಿ ಆ ಸಲಹೆ ಕೇಳಿ ಮೊಮ್ಮಗನೊಡನೆ ಮಾತೇ ನಿಲ್ಲಿಸುತ್ತಾಳೆ. ಹೀಗೆ, ಮಾತು ಕಲಿಯಬೇಕಾದವನ ಸುತ್ತ ಮಾತು ಕಡಿಮೆ ಮಾಡಿದ ಕೀರ್ತಿ ಸಲಹೆಗಾರರದು. ಕೆನಡಾದಲ್ಲಿ 75 ಆಟಿಸಂ ಮಕ್ಕಳನ್ನು ಹೋಲಿಸಿ ನೋಡಿದ 2012ರ ಅಧ್ಯಯನದಲ್ಲಿ ಎರಡು ಭಾಷೆಯ ಮನೆಯ ಮಕ್ಕಳು ಒಂದೇ ಭಾಷೆಯವರಿಗಿಂತ ಹೆಚ್ಚು ಹಿಂದುಳಿದಿರಲಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ ‘ಎಲ್ಲಿಗೆ ಬೇಕ್ರಿ?’ ಎಂದು ಕೇಳುವುದು ಕನ್ನಡದಲ್ಲಿ. ಉತ್ತರವನ್ನೂ ಅದರಲ್ಲೇ ಕಲಿಸೋಣ.

ಮದುವೆ ಮಾಡಿದರೆ ಸರಿಹೋಗುತ್ತದೆ ಎನ್ನುವವರಿಗೆ ನನ್ನ ಉತ್ತರ ಚಿಕ್ಕದು: ಹೋಗುವುದಿಲ್ಲ, ಇನ್ನೊಂದು ಮನೆಯ ಮಗಳನ್ನು ಮೋಸ ಮಾಡಿ ತಂದಂತಾಗುತ್ತದೆ. ಸ್ಟೆಮ್ ಸೆಲ್ ಚುಚ್ಚಿಸಲು ಹೊಲ ಮಾರಲು ಹೊರಟವರಿಗೂ ಅಷ್ಟೇ: ಆಟಿಸಂಗೆ ಅದನ್ನು ಚಿಕಿತ್ಸೆ ಎಂದು ಶಿಫಾರಸು ಮಾಡಲಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿ 2022ರ ಡಿಸೆಂಬರಿನಲ್ಲೇ ಹೇಳಿದೆ.

ಈಗ ಗಟ್ಟಿಯಾದ ಆಕ್ಷೇಪಕ್ಕೆ ಬರೋಣ. ‘ಸಣ್ಣ ಊರಲ್ಲಿ ತಜ್ಞರಿಲ್ಲ, ಕೆಲಸವಿಲ್ಲ. ಬೆಂಗಳೂರಿಗೆ ಕಳಿಸಿ, ಅಲ್ಲಿ ಎಲ್ಲಾ ಇದೆ.’ ತಪಾಸಣೆಗೆ ಹೋಗಿ, ಬೇಡ ಎನ್ನುವುದಿಲ್ಲ. ಧಾರವಾಡದ ಡಿಮ್ಹಾನ್ಸ್ ಇದೆ, ನಿಮ್ಹಾನ್ಸ್ ಇದೆ, ಮಾತಿನ ವಿಷಯಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಆದರೆ ಕಲಿಕೆ ಅಲ್ಲಿ, ಬದುಕು ಇಲ್ಲಿ ಎಂದರೆ ನಡೆಯುವುದಿಲ್ಲ. ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆಗೆ ಒಯ್ಯುವುದೇ ಆಟಿಸಂ ಇರುವವರಿಗೆ ಕಷ್ಟ. ತರಬೇತಿ ಕೇಂದ್ರದ ನಳ ತಿರುಗಿಸಲು ಕಲಿತವನು ಮನೆಯ ನಳದ ಮುಂದೆ ಸುಮ್ಮನೆ ನಿಂತದ್ದುಂಟು. ಬೆಂಗಳೂರಿನ ಮೆಟ್ರೊ ಹತ್ತಲು ಕಲಿತ ಹುಡುಗನಿಗೆ ಬ್ಯಾಡಗಿಯ ಬಸ್‌ಸ್ಟ್ಯಾಂಡನ್ನು ಮತ್ತೆ ಮೊದಲಿನಿಂದ ಕಲಿಸಬೇಕು. ಆ ಶ್ರಮವನ್ನು ಇಲ್ಲಿಯೇ ಹಾಕಿದರಾಗದೇ?

ಇನ್ನು ಸಣ್ಣ ಊರಿನ ಮಾತು. ಮನೋವೈದ್ಯ ಲಿಯೊ ಕ್ಯಾನರ್ 1943ರಲ್ಲಿ ಆಟಿಸಂ ಕುರಿತು ಬರೆದ ಲೇಖನದಲ್ಲಿ ಹನ್ನೊಂದು ಮಕ್ಕಳಿದ್ದರು. ಅದರ ಮೊದಲ ಹುಡುಗ ಡೊನಾಲ್ಡ್ ಟ್ರಿಪ್ಲೆಟ್, ಮಿಸಿಸಿಪ್ಪಿಯ ಫಾರೆಸ್ಟ್ ಎಂಬ ಸಣ್ಣ ಊರಿನವನು. ಚಿಕ್ಕವನಿದ್ದಾಗ ಅವನನ್ನು ದೂರದ ಸಂಸ್ಥೆಗೆ ಸೇರಿಸಿದ್ದ ತಂದೆತಾಯಿ ಮನಸ್ಸು ತಾಳದೆ ವಾಪಸ್ ಕರೆತಂದರು. ಅವನು ಅದೇ ಊರಿನ ಬ್ಯಾಂಕಿನಲ್ಲಿ ದಶಕಗಳ ಕಾಲ ಕೆಲಸ ಮಾಡಿದ, 27ರಲ್ಲಿ ಕಾರು ಓಡಿಸಲು ಕಲಿತ, 2023ರಲ್ಲಿ 89ರ ವಯಸ್ಸಿನಲ್ಲಿ ತೀರಿಕೊಂಡ. ‘ಸ್ಥಿತಿವಂತರು, ಬ್ಯಾಂಕೇ ಅವನ ತಾಯಿಯ ಮನೆತನದ್ದು’ ಎನ್ನುತ್ತೀರಿ. ಒಪ್ಪಿದೆ. ಆದರೆ ಅವನ ಚಾಳಿಗಳನ್ನು ಸಹಿಸಿ, ಹೆಸರು ಹಿಡಿದು ಕರೆದು ಮಾತಾಡಿಸಿದ ಊರನ್ನು ದುಡ್ಡು ಕೊಟ್ಟು ತರಲಾಗದು. ಅಂಥ ಊರು ನಮ್ಮಲ್ಲಿಲ್ಲವೇ? ಹುಬ್ಬಳ್ಳಿಯನ್ನೇ ನೋಡಿ. ಬೌದ್ಧಿಕ, ದೈಹಿಕ ಅಂಗವೈಕಲ್ಯ ಇರುವವರೇ ನಡೆಸುವ ಮಿಟ್ಟಿ ಕೆಫೆಯ ಮೊದಲ ಅಂಗಡಿ 2017ರಲ್ಲಿ ಶುರುವಾದದ್ದು ಅಲ್ಲಿನ ಬಿವಿಬಿ ಕಾಲೇಜಿನ ಆವರಣದಲ್ಲಿ. ಬೆಂಗಳೂರಿಗೆ ಅದು ಹೋದದ್ದು ಆಮೇಲೆ.

ನಮ್ಮ ಜಿಲ್ಲೆಯೇ ಇದಕ್ಕೆ ದಾರಿ ತೋರಿಸಿದೆ. ಪಂಚಾಕ್ಷರ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇಬ್ಬರೂ ಹಾನಗಲ್ಲ ಸೀಮೆಯವರು, ಇಬ್ಬರಿಗೂ ಕಣ್ಣಿರಲಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮ ಅಂಧ ಮಕ್ಕಳಿಗೆ ಕಣ್ಣು ಬರಲಿ ಎಂದು ಕಾಯುತ್ತ ಕೂರಲಿಲ್ಲ. ಹಾಡಲು, ಬಾರಿಸಲು ಕಲಿಸಿತು, ಊಟ ಹಾಕಿತು, ಅವರು ತಮ್ಮ ಅನ್ನ ದುಡಿಯುವಂತೆ ಮಾಡಿತು. ಈ ಸೀಮೆಯಲ್ಲಿ ಇಂಥದ್ದು ಆಗದು ಎನ್ನುವವರು ಗದಗಿಗೆ ಹೋಗಿ ಬರಲಿ.

ತಜ್ಞರ ಕೊರತೆ ಇರುವುದು ಹೌದು. ಆದರೆ ಇರುವ ಜನರನ್ನೇ ನಾವು ಬಳಸುತ್ತಿಲ್ಲ. ಪಂಚಾಯಿತಿಗೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಶಾಲೆಗಳಲ್ಲಿನ ವಿಶೇಷ ಅಗತ್ಯದ ಮಕ್ಕಳಿಗಾಗಿ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರು ಇದ್ದಾರೆ. ಅವರನ್ನು ಫಾರ್ಮು ತುಂಬುವ ಕೆಲಸಕ್ಕೇ ಸವೆಸದೆ, ಆಟಿಸಂ ಕುರಿತು ತರಬೇತಿ ಕೊಡಿಸಿ, ತಿಂಗಳಿಗೊಮ್ಮೆ ಧಾರವಾಡದ ತಜ್ಞರು ಬಂದು ಅವರ ಕೆಲಸ ನೋಡುವಂತೆ ಮಾಡಿದರೆ ಕೇಂದ್ರದ ಅರ್ಧ ಕೆಲಸ ಆದಂತೆ.

ಆಕ್ಷೇಪ ಎತ್ತಿದವರಲ್ಲಿ ಬೆಂಗಳೂರಿನ ಗೆಳೆಯರೂ ಇದ್ದಾರೆ, ಅವರದು ಇನ್ನೊಂದು ದಿಕ್ಕಿನದು: ‘ಬದುಕಿನ ಕೌಶಲ ಎಂದು ಹೇಳಿ ಮೆಣಸಿನಕಾಯಿ ವ್ಯಾಪಾರಸ್ಥರಿಗೆ ಅಗ್ಗದ ಆಳುಗಳನ್ನು ತಯಾರು ಮಾಡುತ್ತೀರಾ?’ ಈ ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ. ಬೀಜದ ಹೊಲಗಳಲ್ಲಿ ಹೂವಿಗೆ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸಕ್ಕೆ ಮಕ್ಕಳನ್ನು ದುಡಿಸಿದ ಚರಿತ್ರೆ ಇರುವ ಸೀಮೆ ಇದು. ಇನ್ನೊಂದನ್ನೂ ಒಪ್ಪುತ್ತೇನೆ. ಬ್ಯಾಡಗಿ ಎಂದ ಕೂಡಲೇ ಎಲ್ಲರನ್ನೂ ಮೆಣಸಿನಕಾಯಿ ರಾಶಿಯ ಮುಂದೆ ಕೂರಿಸುವ ಯೋಚನೆ ಮೂರ್ಖತನ. ಆ ಘಾಟು ನಮಗೇ ಕಣ್ಣಲ್ಲಿ ನೀರು ತರಿಸುತ್ತದೆ. ವಾಸನೆ, ಸದ್ದು, ಬೆಳಕು ನಮಗಿಂತ ಜೋರಾಗಿ ತಟ್ಟುವವರಿಗೆ ಮಾರುಕಟ್ಟೆಯ ದಿನದ ಎಪಿಎಂಸಿ ಅಂಗಳ ನರಕವಾದೀತು. ಆದರೆ ಡಬ್ಬಿ ಮೆಣಸಿನಕಾಯಿ ಬೇರೆ, ಕಡ್ಡಿ ಮೆಣಸಿನಕಾಯಿ ಬೇರೆ ಎಂದು ಒಂದೂ ತಪ್ಪದೆ ಆರಿಸುವ ಕಣ್ಣು ಕೆಲವರಿಗೆ ಇರುತ್ತದೆ. ಇನ್ನು ಕೆಲವರಿಗೆ ರಾಣೇಬೆನ್ನೂರಿನಲ್ಲಿ ಬೀಜದ ಪೊಟ್ಟಣ ತೂಗಿ ಮುದ್ರೆ ಒತ್ತುವ ಕೆಲಸ ಒಗ್ಗೀತು, ಹಾವೇರಿಯಲ್ಲಿ ಹಾರಕ್ಕೆ ಏಲಕ್ಕಿ ಆರಿಸಿ ಪೋಣಿಸುವುದು ಒಗ್ಗೀತು. ಯಾರಿಗೆ ಏನು ಎಂಬುದನ್ನು ಅವರನ್ನೇ ನೋಡಿ ತೀರ್ಮಾನಿಸಬೇಕು. ಶರತ್ತುಗಳು ಮೂರೇ: ಹದಿನೆಂಟು ತುಂಬಿರಬೇಕು, ಪಕ್ಕದವರಿಗೆ ಕೊಡುವ ಕೂಲಿಯೇ ಇವರಿಗೂ ಸಿಗಬೇಕು, ಹಣ ಅವರದೇ ಖಾತೆಗೆ ಬೀಳಬೇಕು. ಇವಿಲ್ಲದ ಕಡೆ ಗೆಳೆಯರ ಜೊತೆ ನಾನೂ ವಿರೋಧಕ್ಕೆ ನಿಲ್ಲುತ್ತೇನೆ.

ಕಡೆಯ ಆಕ್ಷೇಪ ತಾಯಂದಿರದು. ಅದನ್ನು ಆಕ್ಷೇಪ ಎನ್ನಲೂ ಮನಸ್ಸು ಬಾರದು. ‘ನಾ ಇರೋ ತನಕ ನಾನೇ ಉಣಸ್ತೀನಿ, ನಾನೇ ಎರೀತೀನಿ. ಆಮ್ಯಾಲ ಅವರಣ್ಣ ಇದ್ದಾನ.’ ಅವ್ವ, ನಿಮ್ಮ ಮಗನಿಗೆ ಈಗ ಗಡ್ಡ ಬಂದಿದೆ. ಅವನಿಗೆ ಸ್ನಾನ ಮಾಡಿಸಲು ನಾಳೆ ಅತ್ತಿಗೆ ಒಪ್ಪುವಳೇ? ಹುಡುಗಿಯಾದರೆ ತಿಂಗಳ ಮುಟ್ಟಿನ ಬಟ್ಟೆಯನ್ನು ತಾನೇ ಬದಲಿಸಿಕೊಳ್ಳಲು ಕಲಿಸದೆ ಅವಳನ್ನು ಯಾರ ಕೈಗೆ ಒಪ್ಪಿಸುತ್ತೀರಿ? ಸ್ನಾನ ಎಂಬುದು ಒಂದು ಕೆಲಸವಲ್ಲ. ಬಕೆಟ್ಟಿಗೆ ನೀರು ಬಿಡುವುದು, ಕೈಯಿಂದ ಬಿಸಿ ನೋಡುವುದು, ಬಾಗಿಲು ಹಾಕುವುದು, ಸಾಬೂನು ಹಚ್ಚುವುದು, ಕಿವಿಯ ಹಿಂದೆ ತಿಕ್ಕುವುದು, ಒರೆಸಿಕೊಳ್ಳುವುದು, ಒಣ ಬಟ್ಟೆ ಉಡುವುದು ಹೀಗೆ ಬಿಡಿಸಿ, ಒಂದೊಂದರ ಚಿತ್ರವನ್ನೂ ಬಚ್ಚಲ ಗೋಡೆಗೆ ಅಂಟಿಸಿ, ಕೊನೆಯ ಹೆಜ್ಜೆಯಿಂದ ಹಿಂದಕ್ಕೆ ಕಲಿಸುತ್ತ ಬರಬೇಕು. ಮೊದಲ ವಾರ ಒಣ ಬಟ್ಟೆ ಉಡುವುದೊಂದು ಅವನದು, ಉಳಿದದ್ದು ನಿಮ್ಮದು. ನಿಮ್ಮ ಪಾಲು ಕಡಿಮೆಯಾಗುತ್ತ ಹೋಗುತ್ತದೆ. ಇದು ಪ್ರೀತಿಯ ಕೊರತೆಯಲ್ಲ.

ಕಾನೂನಿನ ವಿಷಯ ಇನ್ನೂ ಖಡಕ್ಕಾಗಿದೆ. ಹದಿನೆಂಟು ತುಂಬಿದ ದಿನದಿಂದ ಅವನು ವಯಸ್ಕ. ತಂದೆತಾಯಿ ಎಂಬ ಕಾರಣಕ್ಕೆ ನೀವು ಅವನ ಕಾನೂನುಬದ್ಧ ಪಾಲಕರಾಗಿ ಉಳಿಯುವುದಿಲ್ಲ. ಬ್ಯಾಂಕಿನಲ್ಲಿ, ಆಸ್ತಿ ಹಂಚಿಕೆಯಲ್ಲಿ ಇದು ಎದುರಾಗುತ್ತದೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ, ಅಗತ್ಯ ಇದ್ದವರಿಗೆ ಪಾಲಕರನ್ನು ನೇಮಿಸುವುದು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ. ಅದೇ ನ್ಯಾಸದ ನಿರಾಮಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಚಿಕಿತ್ಸೆ, ಥೆರಪಿಯ ಖರ್ಚು ಸಿಗುತ್ತದೆ. ಅಣ್ಣ ಇದ್ದಾನೆ ಎಂಬುದು ಬಾಯಿಮಾತು, ಕಚೇರಿ ಕೇಳುವುದು ಕಾಗದ.

ಆದ್ದರಿಂದ ಮಕ್ಕಳಿಗೆ ಹದಿನಾರು, ಹದಿನೇಳು ದಾಟಿದ ಮನೆಯವರಲ್ಲಿ ನನ್ನ ವಿನಂತಿ ಇಷ್ಟು. ಕೇಂದ್ರ ಆದಾಗ ಆಗಲಿ, ಅಂಗವಿಕಲರ ಯುಡಿಐಡಿ ಗುರುತಿನ ಕಾರ್ಡು ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ಮೂರೂ ತಾಲ್ಲೂಕಿನ ಹತ್ತು ಮನೆಯವರು ಒಟ್ಟಾಗಿ ದೇವಗಿರಿಯ ಜಿಲ್ಲಾಡಳಿತ ಭವನಕ್ಕೆ ಹೋಗಿ, ಹಾವೇರಿ ಜಿಲ್ಲೆಯ ಸ್ಥಳೀಯ ಸಮಿತಿಯ ಸಭೆ ಕೊನೆಯ ಸಲ ಯಾವಾಗ ನಡೆಯಿತು, ಮುಂದಿನದು ಯಾವಾಗ ಎಂದು ಲಿಖಿತವಾಗಿ ಕೇಳಿ. ಅರ್ಜಿಯ ಪ್ರತಿಗೆ ಸೀಲು ಹಾಕಿಸಿಕೊಳ್ಳದೆ ಬರಬೇಡಿ.