ಹಾಡಿಗೂ ಹಾಸ್ಟೆಲಿಗೂ ನಡುವೆ ಒಬ್ಬರು ಬೇಕು

ಗಿರಿಜನ ಆಶ್ರಮ ಶಾಲೆಗಳಲ್ಲಿ ಸಮುದಾಯ ಸಂಪರ್ಕಕ್ಕೆಂದು ಪ್ರತ್ಯೇಕ ಹುದ್ದೆ ಏಕೆ, ಅದು ದಂಡದ ಸಂಬಳ ಎನ್ನುವವರಿಗೆ ಈ ಉತ್ತರ. ಹೆಗ್ಗಡದೇವನಕೋಟೆ ಸೀಮೆಯ ಜೇನು ಕುರುಬರ ಹಾಡಿಗಳಿಗೂ, ಅಂದರೆ ಆದಿವಾಸಿ ಕೇರಿಗಳಿಗೂ, ಒಂದು ವಸತಿ ಶಾಲೆಗೂ ನಡುವೆ ಓಡಾಡುವುದೇ ನನ್ನ ಕೆಲಸ. ಇದರಲ್ಲಿ ನನ್ನ ಸ್ವಾರ್ಥವಿದೆ ಎನ್ನುವವರು ಅನ್ನಲಿ, ಆದರೆ ಹೇಳಿದ್ದರಲ್ಲಿ ಸುಳ್ಳು ಯಾವುದೆಂದು ತೋರಿಸಲಿ.

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ, ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವ ಮಾತು ಇದು: ‘ಹೆತ್ತವರಿಗೇ ಕಾಳಜಿ ಇಲ್ಲ. ಮಗುವನ್ನು ಬಿಟ್ಟುಹೋದವರು ತಿಂಗಳುಗಟ್ಟಲೆ ಮುಖ ತೋರಿಸುವುದಿಲ್ಲ. ಬಂದರೆ ನಡುವರ್ಷದಲ್ಲಿ ಕರೆದುಕೊಂಡು ಹೋಗಿಬಿಡುತ್ತಾರೆ.’ ಹೇಳುವವರು ಶಾಲೆಯ ಕ್ಯಾಲೆಂಡರ್ ಪಕ್ಕದಲ್ಲಿ ಕೂಲಿಯ ಕ್ಯಾಲೆಂಡರನ್ನೂ ಇಟ್ಟು ನೋಡಬೇಕು. ಡಿಸೆಂಬರ್ ಹೊತ್ತಿಗೆ ಕೊಡಗಿನ ತೋಟಗಳಲ್ಲಿ ಕಾಫಿ ಕೊಯ್ಲು ಬಿರುಸಾಗುತ್ತದೆ. ಜೇನು ಕುರುಬರು, ಬೆಟ್ಟ ಕುರುಬರು, ಯರವರು ಸಂಸಾರ ಸಮೇತ ತೋಟದ ಕೂಲಿಕಾರರ ಲೈನ್ ಮನೆಗಳಿಗೆ ಹೋಗುತ್ತಾರೆ. ಕೆಲವರು ಶುಂಠಿ ಹೊಲಗಳಿಗೆ, ಗಡಿಯಾಚೆ ವಯನಾಡಿಗೆ. ಕಬಿನಿ ಅಣೆಕಟ್ಟು, ನಾಗರಹೊಳೆ ಉದ್ಯಾನ ಎಂದು ಎಬ್ಬಿಸಿದ ಕುಟುಂಬಗಳಲ್ಲಿ ಎಷ್ಟೋ ಮಂದಿಗೆ ಉಳುವ ನೆಲವಿಲ್ಲ. ಕೂಲಿ ಬಿಟ್ಟರೆ ಹೊಟ್ಟೆಗಿಲ್ಲ. ಮಕ್ಕಳು ಸಂಕ್ರಾಂತಿಗೆ ಊರಿಗೆ ಹೊರಟರೆ ಹಾಡಿಯಲ್ಲಿ ಅಜ್ಜಿ ಒಬ್ಬಳೇ ಇರುತ್ತಾಳೆ, ಎಷ್ಟೋ ಸಲ ಅವಳೂ ಇರುವುದಿಲ್ಲ.

ಇನ್ನು ಭೇಟಿಯ ವಿಷಯ. ಭಾನುವಾರ ಮಧ್ಯಾಹ್ನ ಬನ್ನಿ ಎನ್ನುತ್ತೇವೆ. ಕಾಡಿನೊಳಗಿನ ಹಾಡಿಯಿಂದ ಬಂದ ತಾಯಿ ಆನೆ ಇಳಿಯುವ ಹೊತ್ತಿಗಿಂತ ಮುಂಚೆ, ಅರಣ್ಯದ ಗೇಟು ಮುಚ್ಚುವ ಮುಂಚೆ ವಾಪಸ್ ಸೇರಬೇಕು. ಬಸ್ಸು ತಪ್ಪಿದರೆ ಆ ದಿನದ ಕೂಲಿಯ ಜೊತೆ ಮರುದಿನದ್ದೂ ಹೋಯಿತು. ಇದನ್ನು ನಿರ್ಲಕ್ಷ್ಯ ಎಂದು ಕರೆಯುವುದು ಅನ್ಯಾಯ. ಸಂಪರ್ಕದವರು ನವೆಂಬರಿನಲ್ಲೇ ಮನೆಮನೆಗೆ ಹೋಗಿ ಯಾರು ಯಾವ ತೋಟಕ್ಕೆ, ಹಬ್ಬಕ್ಕೆ ಮಗುವನ್ನು ಕರೆದೊಯ್ಯುವವರು ಯಾರು, ಸೋದರಮಾವನೋ ಚಿಕ್ಕಮ್ಮನೋ ಎಂದು ರಿಜಿಸ್ಟರಿನಲ್ಲಿ ಬರೆಸಿಕೊಂಡು ಬರಬೇಕು. ಅಪ್ಪನ ಸಹಿ ಇಲ್ಲವೆಂದು ಮಾವನನ್ನು ಗೇಟಿನಿಂದ ವಾಪಸ್ ಕಳಿಸಿದರೆ, ಆ ಮಗು ರಾತ್ರಿ ಬೇಲಿ ಹಾರುತ್ತದೆ. ಆಮೇಲೆ ನಾವು ‘ಓಡಿಹೋದ’ ಎಂದು ಬರೆಯುತ್ತೇವೆ.

‘ಒಂದು ಫೋನು ಸಾಲದೇ?’ ಸಾಲದು. ಫೋನು ಅಪ್ಪನ ಜೇಬಿನಲ್ಲಿ ತೋಟಕ್ಕೆ ಹೋಗಿರುತ್ತದೆ. ಹಾಡಿಯಲ್ಲಿ ಸಿಗ್ನಲ್ ಇಲ್ಲ.

‘ವಾರ್ಡನ್ ಇದ್ದಾರಲ್ಲ?’ ಅಡುಗೆ, ಪಡಿತರ, ಹಾಜರಿ, ಬಿಲ್ಲು ಎಲ್ಲ ಅವರ ತಲೆಯ ಮೇಲೆ. ಅವರಿಗೆ ತಿಳಿಯಲು ದಾರಿಯೇ ಇಲ್ಲದ ಒಂದು ಸಂಗತಿ ಹೇಳುತ್ತೇನೆ. ಕುಡಗೋಲು ಕಣ ರಕ್ತಹೀನತೆ, ನಮ್ಮಲ್ಲಿ ಎಲ್ಲರೂ ಸಿಕಲ್ ಸೆಲ್ ಎನ್ನುವುದು, ಈ ಭಾಗದ ಆದಿವಾಸಿಗಳಲ್ಲಿದೆ. ಅದನ್ನು ನಿವಾರಿಸಲು 2023ರಲ್ಲಿ ರಾಷ್ಟ್ರೀಯ ಅಭಿಯಾನವೇ ಶುರುವಾಯಿತು. ಚಳಿ, ಬಾಯಾರಿಕೆ, ಅತಿ ದಣಿವು ಸೇರಿದರೆ ಕೈಕಾಲು, ಬೆನ್ನಿನ ಮೂಳೆಗಳಲ್ಲಿ ತಡೆಯಲಾಗದ ನೋವು ಬರುತ್ತದೆ. ಬೆಳಗ್ಗೆ ತಣ್ಣೀರು ಸ್ನಾನ ಮಾಡಿಸಿ ಡ್ರಿಲ್ಲಿಗೆ ನಿಲ್ಲಿಸಿದ ಹುಡುಗ ನರಳಿದರೆ ಸೋಮಾರಿ ಅನ್ನಿಸಿಕೊಳ್ಳುತ್ತಾನೆ. ಅವನ ಅಣ್ಣ ಹೀಗೇ ನರಳಿ ತೀರಿಕೊಂಡದ್ದು ತಾಯಿಗೆ ಗೊತ್ತು. ಆಕೆಯ ಮಾತು ಶಾಲೆಗೆ ತಲುಪಿದರೆ ಹುಡುಗನಿಗೆ ಬಿಸಿನೀರು ಸಿಗುತ್ತದೆ, ರಕ್ತ ಪರೀಕ್ಷೆಯಾಗುತ್ತದೆ.

‘ವಸತಿ ಶಾಲೆಗಳೇ ಬೇಡ, ಕೆನಡಾದಲ್ಲಿ ಏನಾಯಿತು ನೋಡಿ’ ಎನ್ನುವವರ ವಾದ ಗಟ್ಟಿಯಾದದ್ದು, ಅದಕ್ಕೆ ಹಗುರವಾಗಿ ಉತ್ತರಿಸಲಾರೆ. ಅಲ್ಲಿ ಒಂದೂವರೆ ಲಕ್ಷ ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಬೇರ್ಪಡಿಸಿದರು, ತಾಯ್ನುಡಿ ಆಡಿದರೆ ಹೊಡೆದರು. 2008ರಲ್ಲಿ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. 2015ರಲ್ಲಿ ಸತ್ಯ ಮತ್ತು ಸಂಧಾನ ಆಯೋಗ ಅದನ್ನು ಸಾಂಸ್ಕೃತಿಕ ನರಮೇಧ ಎಂದೇ ಕರೆಯಿತು. ನಮ್ಮಲ್ಲಿ ಹೆತ್ತವರು ತಾವಾಗಿ ಸೇರಿಸುತ್ತಾರೆ, ನಿಜ. ಆದರೆ ಊರಲ್ಲಿ ಶಾಲೆಯಿಲ್ಲದೆ, ವರ್ಷದ ಅರ್ಧ ಮನೆಯೇ ಇಲ್ಲದೆ ಕೊಟ್ಟ ಒಪ್ಪಿಗೆ ಅದು. ಶಾಲೆಯನ್ನು ಇವತ್ತು ಮುಚ್ಚಿದರೆ ಅದೇ ಮಗು ನಾಳೆ ತೋಟದಲ್ಲಿ ಕಾಫಿ ಹಣ್ಣು ಆರಿಸುತ್ತಿರುತ್ತದೆ. ಹಾಗಾಗಿ ಶಾಲೆ ಇರಲಿ, ಆದರೆ ಮನೆಯ ಮಾತು ಅದರೊಳಗೆ ನಡೆಯಲಿ. ಹಾಡಿಯ ಯಜಮಾನ ಅಡುಗೆಮನೆಗೆ ಬಂದು ಸಾರು ರುಚಿ ನೋಡಲಿ, ಸಾವಿನ ಕಾರ್ಯಕ್ಕೆ ಮಗುವನ್ನು ಕಳಿಸಲಿ, ಜೇನು ನುಡಿಯಲ್ಲಿ ಮಾತಾಡಿದ ಆರು ವರ್ಷದವಳಿಗೆ ಅದೇ ನುಡಿಯಲ್ಲಿ ಉತ್ತರ ಸಿಗಲಿ. ಕನ್ನಡ ಕೆಡುತ್ತದೆ ಎಂಬ ಭಯ ಬೇಡ. ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಕಲಿಕೆಗೆ ಸಂವಿಧಾನದ 350ಎ ವಿಧಿಯ ಬೆಂಬಲವಿದೆ.

‘ಇವರು ಪೋಷಕರನ್ನು ಎತ್ತಿಕಟ್ಟುತ್ತಾರೆ’ ಎಂಬ ದೂರೂ ಇದೆ. ಅನ್ನದಲ್ಲಿ ಹುಳ ಇದ್ದರೆ ಹೇಳಿ, ಹೊಡೆದಿದ್ದರೆ ಹೇಳಿ ಎಂದು ನಾನು ಹಾಡಿಗಳಲ್ಲಿ ಹೇಳುತ್ತೇನೆ, ಮುಂದೆಯೂ ಹೇಳುತ್ತೇನೆ. ಹೆತ್ತವರನ್ನು ಶಾಲೆಗೆ ಒಪ್ಪಿಸುವುದಷ್ಟೇ ಈ ಕೆಲಸವಾದರೆ ಅದಕ್ಕೆ ಬೇರೆ ಹುದ್ದೆ ಬೇಡ, ಕರಪತ್ರ ಸಾಕು.

ಕೊನೆಯದು ಅರ್ಹತೆ. ‘ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಕಡ್ಡಾಯ ಮಾಡಿ, ರಾಜ್ಯಮಟ್ಟದಲ್ಲಿ ನೇಮಿಸಿ’ ಎನ್ನುತ್ತಾರೆ. ಏಕಲವ್ಯ ಮಾದರಿ ವಸತಿ ಶಾಲೆಗಳಿಗೆ 2023ರಲ್ಲಿ ದೇಶಕ್ಕೆಲ್ಲ ಒಂದೇ ಪರೀಕ್ಷೆ ನಡೆಸಿ ಸಿಬ್ಬಂದಿಯನ್ನು ತೆಗೆದುಕೊಂಡ ಮೇಲೆ, ಮಕ್ಕಳ ನುಡಿ ತಿಳಿಯದ ಶಿಕ್ಷಕರು ದೂರದ ರಾಜ್ಯಗಳಿಂದ ಬಂದರೆಂದು ದಕ್ಷಿಣದಲ್ಲಿ ದೂರು ಎದ್ದಿತು. ಅದೇ ದಾರಿಯನ್ನು ಈ ಹುದ್ದೆಗೆ ತರಬೇಡಿ. ಎಸ್ಸೆಸ್ಸೆಲ್ಸಿ ಮುಗಿಸಿ ಹಾಡಿಯಲ್ಲೇ ಉಳಿದ ಹೆಣ್ಣುಮಕ್ಕಳಿದ್ದಾರೆ. ಯಾರ ಮನೆ ಎಲ್ಲಿ, ಯಾರು ಯಾರಿಗೆ ಏನಾಗಬೇಕು ಎಂಬುದು ಅವರಿಗೆ ಬಾಯಿಪಾಠ. ಮೈನೆರೆದ ಹುಡುಗಿ ಶಾಲೆಗೆ ಯಾಕೆ ವಾಪಸ್ ಬರಲಿಲ್ಲವೆಂದು ತಾಯಂದಿರು ಅವರ ಹತ್ತಿರವೇ ಬಾಯಿಬಿಡುತ್ತಾರೆ. ಪ್ರತಿ ಆಶ್ರಮ ಶಾಲೆಗೆ ಅಂಥ ಒಬ್ಬರನ್ನಾದರೂ, ಗೌರವಧನದ ಮೇಲಲ್ಲ, ಖಾಯಂ ಸಂಬಳದ ಮೇಲೆ ನೇಮಿಸಿ.